ದಾನಪ್ಪನವರ ಬೆರಳಚ್ಚು

ಪರದೇಶದ ಊರು ಮಿಲ್ಟನ್ನಿನ ಆ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಮಾಧುರಿಯ ಮಾವ ದಾನಪ್ಪನವರು ಹಳ್ಳಿಯಿಂದ ಬಂದ ಹೊಸತರಲ್ಲಿ ಎರಡು ಸಲ ಬೇರೆಯವರ ಬಾಗಿಲಿಗೆ ಕೀಲಿ ಹಾಕಿ ತಿರುವಿದ್ದರು. ಆಮೇಲೆ ಹಿತ್ತಲಲ್ಲಿ ಮೆಂತ್ಯ, ಪುಂಡಿ ಬಿತ್ತಿ, ಗ್ಯಾರೇಜಿನ ಪಕ್ಕ ನಾಲ್ಕು ಸಾಲು ಮೆಣಸಿನ ಗಿಡ ಹಚ್ಚಿ ತಮ್ಮ ಮನೆಗೊಂದು ಗುರುತು ಮಾಡಿಕೊಂಡರು. ಅದಾಗಿ ಆರು ವರ್ಷ. ಒಂಬತ್ತು ವರ್ಷದ ಮೊಮ್ಮಗಳು ಅಕ್ಷರಾಳನ್ನು ಬೆಳಿಗ್ಗೆ ಶಾಲೆಗೆ ಬಿಡುವುದು, ಮೂರೂವರೆಗೆ ಕರೆತರುವುದು, ನಡುವೆ ಹಿತ್ತಲು. ಅಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು.

ಮೇ ತಿಂಗಳ ಒಂದು ಸಂಜೆ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಸುದ್ದಿ ತೆಗೆದರು.

“ಸಾಲಿ ಮೂಲ್ಯಾಗ ನಿಂದರತಾನಲ್ಲ, ಆ ಸರದಾರಜಿ, ಮಗನ ಹತ್ರ ಬೇರೆ ಊರಿಗೆ ಹೊಂಟಾನಂತ. ಹುಡುಗರ್ನ ರಸ್ತೆ ದಾಟಸೂ ಕೆಲಸ. ನೀ ಅರ್ಜಿ ಹಾಕಪಾ ಅಂದ.”

“ಚಳಿಗಾಲ್ದಾಗ ನಿಂತ್ರ ಗೊತ್ತಾಕ್ಕೈತಿ,” ಎಂದರು ಅಕ್ಷರಾಳ ಆಯಿ ಪಾರ್ವತೆವ್ವ, ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ. “ಎತ್ತು ಹೊಡದಂಗಲ್ಲ ಅದು.”

“ಎತ್ತಿಗೆ ಬಾಯಿಲೆ ಹೇಳಬೇಕು, ಕಾರಿನವ್ರಿಗೆ ಬೋರ್ಡ್ ತೋರಸಬೇಕು. ಅಷ್ಟ ಫರಕು.”

“ಅಜ್ಜ, ಯು ಗೆಟ್ ದಿ ಆರೆಂಜ್ ವೆಸ್ಟ್?” ಎಂದಳು ಅಕ್ಷರಾ.

“ಹೂಂನವಾ. ಅವರ ಕೊಡ್ತಾರಂತ, ಪುಕ್ಕಟ.”

ಮಾವ ಏನನ್ನಾದರೂ ಇಷ್ಟು ಆಸೆಯಿಂದ ಕೇಳಿದ್ದನ್ನು ಮಾಧುರಿ ನೋಡಿರಲಿಲ್ಲ. ಅವಳು ಮೈಸೂರಿನವಳು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಕೆಲಸ. ಗಂಡ ಆಕಾಶನಿಗೆ ವೇರ್‌ಹೌಸಿನಲ್ಲಿ ಶಿಫ್ಟು. ತಟ್ಟೆ ತೆಗೆದ ಮೇಲೆ ಆಕಾಶ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಪ್ಪನ ಅರ್ಜಿ ತುಂಬಿದ. ಮಕ್ಕಳ ನಡುವೆ ಕೆಲಸ ಮಾಡುವವರಿಗೆ ಪೊಲೀಸರ ತಪಾಸಣೆ ಕಡ್ಡಾಯ. ಅದಕ್ಕೆ ಬೇರೆ ಅರ್ಜಿ.

“ಕೇಸ್ ಏನರ ಆಗಿತ್ತೇನು ಅಂತ ಕೇಳ್ಯಾರ. ಇಲ್ಲ ಅಂತ ಹಾಕತೀನಿ.”

“ಯಾಕ ಇಲ್ಲ? ಮೂರು ದಿನ ಒಳಗಿದ್ದೆ ಅಂತ ಬರಿ.”

“ಅಪ್ಪಾ, ಇಲ್ಲೀ ಕೇಸ್ ಕೇಳ್ಯಾರ. ಅದೆಲ್ಲಾ ಬ್ಯಾಡ ಈಗ.”

“ಮುಚ್ಚಿಡೂವಂಥಾದ್ದೇನೈತಿ ಅದರಾಗ?”

“ಸುಮ್ಮನಿರು ಅಂದ್ನೆಲ್ಲ.”

ಸಿಂಕಿನ ಮುಂದೆ ನಿಂತಿದ್ದ ಮಾಧುರಿಗೆ ಕೇಳಿಸಿದ್ದು ಇಷ್ಟೇ. ಆಮೇಲೆ ಗಂಡನನ್ನು ಕೇಳಿದಳು. ಅವನು ಆಕಳಿಸುತ್ತ, “ಕಾಲುವಿ ನೀರಿನ ಗಲಾಟಿ. ನಾ ಇನ್ನಾ ಹುಟ್ಟಿದ್ದಿಲ್ಲ,” ಎಂದ.

ಜೂನ್ ಎರಡನೆಯ ವಾರ ಪೊಲೀಸ್ ಇಲಾಖೆಯ ಪತ್ರ ಬಂತು. ಮನೆಗೆ ಬರುವ ಇಂಗ್ಲಿಷ್ ಕಾಗದಗಳನ್ನೆಲ್ಲ ಒಡೆಯುವವಳು ಮಾಧುರಿಯೇ. ತಪಾಸಣೆ ಪೂರ್ತಿಯಾಗಿಲ್ಲ, ಅರ್ಜಿದಾರರು ಬಂದು ಬೆರಳಚ್ಚು ಕೊಡಬೇಕು ಎಂದಿತ್ತು. ಕಾರಣವನ್ನೂ ಬರೆದಿದ್ದರು. ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾಗಿ, ಆಮೇಲೆ ಸರ್ಕಾರದ ಕ್ಷಮೆ ಪಡೆದವರ ಪಟ್ಟಿಯೊಂದಿರುತ್ತದೆ. ಅರ್ಜಿದಾರರ ಲಿಂಗ ಮತ್ತು ಹುಟ್ಟಿದ ತಾರೀಖು ಆ ಪಟ್ಟಿಯ ಒಬ್ಬ ವ್ಯಕ್ತಿಯೊಂದಿಗೆ ಹೊಂದುತ್ತಿದೆ. ಇದರಿಂದ ಅರ್ಜಿದಾರರೇ ಆ ವ್ಯಕ್ತಿ ಎಂದು ತಿಳಿಯತಕ್ಕದ್ದಲ್ಲ.

ಕೊನೆಯ ಸಾಲನ್ನು ಅವಳು ನಾಲ್ಕು ಸಲ ಓದಿದಳು. ಮನಸ್ಸಿನಲ್ಲಿ ಕೂತದ್ದು ಮಾತ್ರ ಅದಕ್ಕಿಂತ ಮೊದಲಿನ ಸಾಲು.

ಆಕಾಶ ಪತ್ರ ನೋಡಿ ನಕ್ಕ. “ಅಪ್ಪ ಬಂದು ಆರು ವರ್ಷ ಆತು. ಅಷ್ಟರಾಗ ತಪ್ಪು ಮಾಡಿ, ಜೇಲಿಗೆ ಹೋಗಿ, ಹೊರಗ ಬಂದು, ಕ್ಷಮಾನೂ ಇಸಗೊಂಡ್ರೇನು? ಹಿತ್ತಲದಾಗ ಪುಂಡಿಪಲ್ಲೆ ಬೆಳೀತಿದ್ರಪಾ ಅವರು.”

“ನನಗೂ ಗೊತ್ತು. ಮಾವನಿಗೆ ಏನಂತ ಹೇಳ್ತೀರಿ?”

“ಬೆರಳಚ್ಚು ಕೇಳ್ಯಾರ ಅಂತ. ಮುಂದಿಂದು ಹೇಳಬ್ಯಾಡ, ನೊಂದುಕೋತಾರ.”

ಬೆರಳಚ್ಚು ಎಂದೊಡನೆ ದಾನಪ್ಪನವರ ಮುಖ ಗಂಟಾಯಿತು. “ಬೆರಳ ಒಂದು ನಾ ಕೊಡೂದಿಲ್ಲ. ಆವಾಗ ಒಮ್ಮೆ ಮಸಿ ಹಚ್ಚಿ ಒತ್ತಿಸಿಕೊಂಡಿದ್ರು, ಸಾಕಾಗೇತಿ. ಸಹಿ ಬರತೈತಿ ನನಗ.”

“ಎಲ್ಲಾರೂ ಕೊಡ್ತಾರಪಾ.”

“ಎಲ್ಲಾರೂ ಕೊಡ್ಲಿ.”

ಯಾಕೆ ಇಷ್ಟು ಹಿಂಜರಿಯುತ್ತಾರೆ? ಆ ಪ್ರಶ್ನೆ ಮಾಧುರಿಯನ್ನು ಬಿಡಲಿಲ್ಲ. ಆಕಾಶ ಹೇಳಿದ ಲೆಕ್ಕ ಸರಿಯೆಂದು ಕ್ಲಿನಿಕ್ಕಿನಲ್ಲಿ ಕೂತಾಗ ಅನಿಸುತ್ತಿತ್ತು. ಮೂರೂವರೆ ಹತ್ತಿರವಾದರೆ ಲೆಕ್ಕವೆಲ್ಲ ಕರಗಿ, ಮಗಳು ಅಜ್ಜನ ಬೆರಳು ಹಿಡಿದು ನಡೆಯುವುದಷ್ಟೇ ಕಣ್ಣಿಗೆ ಬರುತ್ತಿತ್ತು. ಮೂರನೆಯ ದಿನ ಅವಳು ಪಕ್ಕದ ಬೀದಿಯ ಗೆಳತಿ ತನುಶ್ರೀಗೆ ಫೋನು ಮಾಡಿದಳು. ಶಾಲೆ ಬಿಟ್ಟ ಮೇಲೆ ಅಕ್ಷರಾ ಅವಳ ಮಗಳ ಜೊತೆ ಅವರ ಮನೆಗೇ ಹೋಗುವಂತಾಯಿತು. ಅವತ್ತು ಮಗಳಿಗೆ ತಲೆ ಬಾಚುತ್ತ ಹೇಳಿದಳು:

“ಅಚ್ಚು, ಅಜ್ಜನ ರೂಮಿಗೆ ಒಬ್ಬಳೇ ಹೋಗಬೇಡ. ಆಯಿ ಇದ್ದರೆ ಮಾತ್ರ.”

“ವೈ?”

“ಅಮ್ಮ ಹೇಳಿದ್ದಕ್ಕೆ.”

“ಡಿಡ್ ಅಜ್ಜ ಡೂ ಸಂಥಿಂಗ್?”

“ಇಲ್ಲ. ಸುಮ್ಮನೆ ಹೇಳಿದ್ದು ಕೇಳು.”

ಹುಡುಗಿ ಕನ್ನಡಿಯೊಳಗಿಂದ ಅವಳನ್ನು ನೋಡಿದಳು. ಮಾಧುರಿ ಬಾಚಣಿಗೆಯ ಕಡೆ ನೋಡಿದಳು.

ಶಾಲೆಗೆ ಬೇಸಿಗೆ ರಜೆ ಬಂತು. ಮಾಧುರಿ ಮಗಳನ್ನು ಡೇ ಕ್ಯಾಂಪಿಗೆ ಹಾಕಿದಳು. ಪಾರ್ವತೆವ್ವ ಅಕ್ಕಿ ಆರಿಸುತ್ತ ಕೂತವರು ತಟ್ಟೆ ಕೆಳಗಿಟ್ಟರು.

“ಮನ್ಯಾಗ ಇಬ್ಬರು ಮುದುಕರು ಕುಂತೀವಿ. ಕೂಸಿನ್ನ ರೊಕ್ಕ ಕೊಟ್ಟು ಯಾರ ಹತ್ರನೋ ಬಿಡೂದಂದ್ರ?”

“ಈಜು ಕಲಿಸ್ತಾರೆ ಅತ್ತೆ. ಅವಳ ಫ್ರೆಂಡ್ಸೆಲ್ಲ ಹೋಗ್ತಾರೆ.”

“ಹ್ವಾದ ವರ್ಷ ಫ್ರೆಂಡ್ಸ್ ಇದ್ದಿದ್ದಿಲ್ಲೇನು?”

ದಾನಪ್ಪನವರು ಮೆಣಸಿನ ಗಿಡಕ್ಕೆ ನೀರು ಬಿಟ್ಟು ಒಳಗೆ ಬರುತ್ತಿದ್ದರು. “ಹೋಗ್ಲಿ ಬಿಡ, ಈಜು ಚಲೋ,” ಎಂದರು. “ನಾವೆಲ್ಲ ಬಾವ್ಯಾಗ ಬಿದ್ದು ಕಲತವರು, ಆಕಿ ಫೀ ಕೊಟ್ಟು ಕಲೀಲಿ.”

ಮಾಧುರಿ ಇಂಟರ್ನೆಟ್ಟಿನಲ್ಲಿ ಹುಡುಕುತ್ತಲೇ ಇದ್ದಳು. ಐದು ನಿಮಿಷದಲ್ಲಿ ಯಾರ ಜಾತಕವನ್ನಾದರೂ ತೆಗೆದುಕೊಡುತ್ತೇವೆ ಎನ್ನುವ ಸೈಟುಗಳಿಗೆ ಲೆಕ್ಕವಿರಲಿಲ್ಲ. ಎಲ್ಲವೂ ಮೊದಲು ಕಾರ್ಡ್ ನಂಬರ್ ಕೇಳುತ್ತಿದ್ದವು, ಹೆಚ್ಚಿನವು ಅಮೆರಿಕದವು. ಪೊಲೀಸರ ಹತ್ತಿರ ಇನ್ನೊಬ್ಬರ ದಾಖಲೆ ಅವರ ಒಪ್ಪಿಗೆಯಿಲ್ಲದೆ ಸಿಗುವುದಿಲ್ಲ. ಆದರೆ ಕೋರ್ಟಿನ ಕೌಂಟರಿನಲ್ಲಿ ಹೆಸರು, ಹುಟ್ಟಿದ ತಾರೀಖು ಕೊಟ್ಟು ಇಂಥವರ ಮೇಲೆ ಮೊಕದ್ದಮೆ ನಡೆದಿದೆಯೇ ಎಂದು ಯಾರು ಬೇಕಾದರೂ ಕೇಳಬಹುದು ಎಂದು ಒಂದು ಕಡೆ ಓದಿದಳು. ಊಟದ ಬಿಡುವಿನಲ್ಲಿ ಹೋದಳು.

ಕೌಂಟರಿನ ಹೆಂಗಸು ಒಂದು ಫಾರ್ಮು ಕೊಟ್ಟಳು. ದಿನಕ್ಕೆ ನಲವತ್ತು ಜನರ ಹುಟ್ಟಿದ ತಾರೀಖು ಕೇಳುವ ಮಾಧುರಿ ಮಾವನ ತಾರೀಖನ್ನು ಬಾಯಿಪಾಠವಾಗಿ ಬರೆದಳು. ಒಂದು, ಆರು, ಐವತ್ತೆಂಟು.

“ಈ ಹೆಸರಲ್ಲಿ ಇಲ್ಲಿ ಏನೂ ಕಾಣೋದಿಲ್ಲ,” ಎಂದಳು ಆಕೆ ಪರದೆ ನೋಡಿ. “ಇದು ಈ ಕೋರ್ಟಿನದು ಮಾತ್ರ. ಬೇರೆ ಊರಿನದು ಬೇಕಿದ್ದರೆ ಅಲ್ಲಿಗೇ ಹೋಗಿ ಕೇಳಬೇಕು.”

“ಕ್ಷಮೆ ಸಿಕ್ಕಿದವರದು?”

“ಅದು ಮುಚ್ಚಿದ ಕಡತ. ನಮಗೂ ಕಾಣೋದಿಲ್ಲ. ಇವರು ನಿಮಗೆ ಏನಾಗಬೇಕು?”

ಮರುಕ್ಷಣ ಆಕೆಯೇ, “ಹೇಳಲೇಬೇಕು ಅಂತಿಲ್ಲ, ಸುಮ್ಮನೆ ಕೇಳಿದೆ,” ಎಂದಳು. ಮುದ್ರೆಯೊತ್ತಿದ ಪ್ರತಿಯೊಂದನ್ನು ಕೈಗಿಟ್ಟು ಮುಂದಿನವರನ್ನು ಕರೆದಳು.

ಏನನ್ನೂ ಸಾಬೀತು ಮಾಡದ ಆ ಕಾಗದವನ್ನು ಹರಿದೆಸೆಯಬಹುದಿತ್ತು. ಕಾರಿನ ಬಾಗಿಲ ಸಂದಿಗೆ ಸಿಕ್ಕಿಸಿ ಮರೆತಳು. ಮರುವಾರ ಅದೇ ಸಂದಿಯಲ್ಲಿ ಕ್ಯಾಂಪಿನ ಟೋಪಿ ಹುಡುಕುತ್ತ ಅಕ್ಷರಾ ಅದನ್ನು ಹಿಡಿದುಕೊಂಡೇ ಒಳಗೆ ಬಂದಳು. ಉಳಿದವರು ಊಟಕ್ಕೆ ಕೂತಿದ್ದರು.

“ಅಜ್ಜ, ಯುವರ್ ನೇಮ್! ಇಟ್ ಸೇಸ್ ಕ್ರಿಮಿನಲ್ ಕೋರ್ಟ್.”

ದಾನಪ್ಪನವರು ಕನ್ನಡಕ ಹಾಕಿಕೊಂಡರು. ಇಂಗ್ಲಿಷಿನಲ್ಲಿ ತಮ್ಮ ಹೆಸರು ಅವರಿಗೆ ಓದಲು ಬರುತ್ತಿತ್ತು. ಕೆಳಗೆ ಕೇಳಿದವರ ಹೆಸರು ಎಂದಿದ್ದ ಕಡೆ ಸೊಸೆಯ ಸಹಿ. ಅದೂ ಅವರಿಗೆ ಗುರುತಿತ್ತು.

“ಅಚ್ಚು, ನೀ ಮ್ಯಾಲೆ ಹೋಗು,” ಎಂದರು. ಹುಡುಗಿ ಮೆಟ್ಟಿಲು ಹತ್ತಿದ ಮೇಲೆ ಕಾಗದವನ್ನು ಮೇಜಿನ ಮೇಲೆ, ಸಾರಿನ ಪಾತ್ರೆಯ ಪಕ್ಕದಲ್ಲಿಟ್ಟರು. “ಇದೇನು ತಂಗಿ?” ಎಂದು ಸೊಸೆಯನ್ನು ಕೇಳಿದರು.

ಮಾಧುರಿ ಆಕಾಶನ ಮುಖ ನೋಡಿದಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಪೊಲೀಸರ ಪತ್ರದಲ್ಲಿ ಇದ್ದದ್ದನ್ನು, ತಾನು ಹೆದರಿದ್ದನ್ನು, ಕೋರ್ಟಿಗೆ ಹೋದದ್ದನ್ನು ಹೇಳಿದಳು. ಕ್ಯಾಂಪಿನ ಕಾರಣವನ್ನೂ ಹೇಳಿದಳು.

ಪಾರ್ವತೆವ್ವ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. “ಆಕಾಶ, ನಿನಗ ಗೊತ್ತಿತ್ತೇನು?”

“ಪತ್ರದ್ದು ಗೊತ್ತಿತ್ತವಾ. ಕೋರ್ಟಿಂದು ಇಲ್ಲ.”

“ಹಂಗಂದ್ರ ತಿಂಗಳ ತನಕ ಇಬ್ಬರೂ ಕೂಡಿ ನಮಗ ಊಟಕ್ಕ ಕರದ್ರಿ, ಊಟ ಮಾಡಿದಿರಿ.”

ದಾನಪ್ಪನವರು ನಿಧಾನವಾಗಿ ಕೇಳಿದರು, “ಅವರಿಗೆ ನನ್ನ ಹೆಸರು ಹೆಂಗ ಸಿಕ್ತು?”

“ಹೆಸರಲ್ಲ ಮಾವ. ಹುಟ್ಟಿದ ತಾರೀಖು. ಜೂನ್ ಒಂದು, ಐವತ್ತೆಂಟು.”

ಮುದುಕ ಮುದುಕಿ ಒಬ್ಬರ ಮುಖ ಒಬ್ಬರು ನೋಡಿದರು.

“ಯಾವ ಹುಟ್ಟಿದ ತಾರೀಖು?” ಎಂದರು ಪಾರ್ವತೆವ್ವ. “ಇವರು ಹುಟ್ಟಿದ್ದು ದಸರಾ ಆದ ಮ್ಯಾಲೆ, ಸೀಗಿ ಹುಣ್ಣಿವಿ ಮರುದಿನ. ನಮ್ಮತ್ತಿ ಹಿಂದಿನ ದಿನ ಹೊಲಕ್ಕ ಎಡಿ ಒಯ್ದು ಚರಗಾ ಚೆಲ್ಲಿ ಬಂದು ಹಡದಾರ. ಜೂನ್ ಒಂದು ಸಾಲಿ ಮಾಸ್ತರು ಬರದದ್ದು.”

“ಅಂದರೆ?”

“ಹೆಸರು ಹಚ್ಚಾಕ ಕರಕೊಂಡು ಹ್ವಾದ್ರ ಯಾರ ಹತ್ರ ತಾರೀಖ ಇತ್ತವಾ? ಸಾಲಿ ಸುರು ಆಗೂದು ಜೂನ್ ಒಂದಕ್ಕ. ಮಾಸ್ತರು ಹಲ್ಲ ನೋಡಿ ವರ್ಷ ಬರದ್ರು, ತಾರೀಖು ಎಲ್ಲಾರಿಗೂ ಅದನ್ನ ಬರದ್ರು. ನಂದೂ ಅದ ಐತಿ. ಪಾಸ್‌ಪೋರ್ಟ್ ನೋಡು ಬೇಕಾದ್ರ.”

ನೋಡುವ ಅಗತ್ಯವಿರಲಿಲ್ಲ. ಆರು ವರ್ಷದಿಂದ ಜೂನ್ ಒಂದಕ್ಕೆ ಒಂದೇ ಕೇಕಿನ ಮೇಲೆ ಇಬ್ಬರ ಹೆಸರನ್ನೂ ಬರೆಸಿ ತರುತ್ತಿದ್ದವಳು ಮಾಧುರಿಯೇ. ಗಂಡಹೆಂಡತಿ ಒಂದೇ ದಿನ ಹುಟ್ಟಿದವರು ಎಂದು ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದಳು.

“ಒಂದು ಸಲವಾದರೂ ಹೇಳಬಾರದಿತ್ತಾ ಅತ್ತೆ?”

“ನೀ ಕೇಕ್ ಹಿಡಕೊಂಡು ಅಷ್ಟು ಖುಷೀಲೆ ಬರತಿದ್ದಿ. ಅಲ್ಲ ಅಂದು ಯಾಕ ಸಣ್ಣ ಮಾರಿ ಮಾಡಸೂದು ಅಂತ ತಿಂದ್ವಿ.”

ಆಕಾಶ ತಲೆ ಕೆರೆದುಕೊಂಡ. “ನನಗೂ ಹೊಳೀಲಿಲ್ಲ ನೋಡು. ನಮ್ಮ ಊರಾಗ ಆ ವಯಸ್ಸಿನವರು ಅರ್ಧ ಮಂದಿ ಜೂನ್ ಒಂದರವರ.”

“ನಮ್ಮ ವರ್ಗದಾಗ ಮೂವತ್ತೆರಡು ಹುಡುಗರು,” ಎಂದರು ದಾನಪ್ಪನವರು. “ಅವರೆಲ್ಲಾರೂ ಇಲ್ಲಿ ಬಂದು ಅರ್ಜಿ ಹಾಕಿದ್ರ ಮೂವತ್ತೆರಡೂ ಮಂದೀನ ಕರದು ಬೆರಳ ಕೇಳತಾರ.” ಮಾತು ನಗುವಂಥದೇ. ಅವರು ಮಾತ್ರ ನಗಲಿಲ್ಲ. “ತಾರೀಖ ಮಾಸ್ತರಂದು, ಹೋಗ್ಲಿ. ಆರು ವರ್ಷ ನಿನ್ನ ಕಣ್ಣ ಮುಂದ ಇದ್ದಾಂವ ನಾನಲ್ಲೇನು ತಂಗಿ?”

“ತಪ್ಪಾಯ್ತು ಮಾವ.”

“ಕೂಸಿಗೆ ಏನಂತ ಹೇಳೀದಿ?”

ಮಾಧುರಿ ತಲೆ ತಗ್ಗಿಸಿದಳು. “ನಿಮ್ಮ ರೂಮಿಗೆ ಒಬ್ಬಳೇ ಹೋಗಬೇಡ ಅಂದೆ.”

ದಾನಪ್ಪನವರು ತಟ್ಟೆಗೆ ನೀರು ಹಾಕಿ ಕೈತೊಳೆದು ಎದ್ದರು. ಅರ್ಧ ರೊಟ್ಟಿ ಹಾಗೇ ಇತ್ತು.

“ಅದಕ್ಕ ಆಕಿ ಬಾಗಲದಾಗ ನಿಂತ ಕತಿ ಕೇಳತಿದ್ಲು,” ಎಂದರು ಹೆಂಡತಿಗೆ. “ಒಳಗ ಬಾರ ಅಂದ್ರ, ಕಾಲು ನೋಯಾಂಗಿಲ್ಲ ಅಜ್ಜಾ ಅನ್ನತಿದ್ಲು.”

ಆಮೇಲಿನ ಹತ್ತು ದಿನ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಮಾಧುರಿಗೆ ಅನಿಸಿತು. ದಾನಪ್ಪನವರು ಬೇಗ ಉಂಡು ಹಿತ್ತಲಿಗೆ ಹೋಗುತ್ತಿದ್ದರು. ಅಕ್ಷರಾ ಬಂದರೆ ಎದ್ದು ಎಲ್ಲರೂ ಕಾಣುವ ಹಾಲಿಗೆ ಬಂದು ಕೂರುತ್ತಿದ್ದರು. ಕೆಲಸದ ಮಾತೆತ್ತಿದರೆ, “ಆ ಕೆಲಸ ನನಗ ಬ್ಯಾಡೋ,” ಎನ್ನುತ್ತಿದ್ದರು. ಪಾರ್ವತೆವ್ವ ಸೊಸೆಯ ಡಬ್ಬಿಗೆ ಎಂದಿನಂತೆ ರೊಟ್ಟಿ ಪಲ್ಯ ಕಟ್ಟುತ್ತಿದ್ದರು, ಮಾತು ಮಾತ್ರ ಉಪ್ಪು ಹಾಕಿದಂತೆ ಅಳೆದು. ಒಂದು ದಿನ ಡಬ್ಬಿ ಮುಚ್ಚುತ್ತ ಅವರೇ ಹೇಳಿದರು:

“ನಿನ್ನ ಜಾಗಾದಾಗ ನಾ ಇದ್ರೂ ಅಂಜತಿದ್ದೆ. ಹೆಣ್ಣ ಕೂಸು. ಅಂಜಿದ್ದಕ್ಕ ನನಗ ಸಿಟ್ಟಿಲ್ಲ. ನನ್ನ ಕೇಳಬೇಕಿತ್ತು. ನಲವತ್ತೈದು ವರ್ಷ ಬಾಳೇ ಮಾಡೀನಿ ಅವರ ಜೋಡಿ, ಆ ಕೋರ್ಟಿನಾಕಿಗಿಂತ ನನಗ ಹೆಚ್ಚ ಗೊತ್ತು.”

“ನೀವು ಏನು ಅಂದ್ಕೋತೀರೋ ಅಂತ ಹೆದರಿದೆ ಅತ್ತೆ.”

“ಅಂದಕೋತಿದ್ದೆ. ನಾಕು ದಿನ ಬೈತಿದ್ದೆ. ಆಮ್ಯಾಲೆ ಹೇಳತಿದ್ದೆ.”

ಜುಲೈ ಕೊನೆಯ ಶನಿವಾರ ದಾನಪ್ಪನವರು ಬಿಳಿ ಅಂಗಿ ಹಾಕಿಕೊಂಡು ಅಡುಗೆಮನೆಗೆ ಬಂದರು.

“ನಡಿ ತಂಗಿ, ಬೆರಳ ಕೊಟ್ಟ ಬರೂಣು.”

“ಕೆಲಸ ಬೇಡ ಅಂದಿದ್ರಿ?”

“ಕೆಲಸದ್ದಲ್ಲ. ನಿನ್ನೆ ಕೂಸು ಚಪ್ಪಲಿ ಹುಡುಕಾಕ ನನ್ನ ಕ್ವಾಣಿಗೆ ಬಂತು. ಬಾಗಲದಾಗ ನಿಂತು ಆಯೀ ಅಂತ ಒದರಿತು. ಆಯಿ ಬಂದ ಮ್ಯಾಲೆ ಕಾಲಿಟ್ಟಿತು. ಹಿಂಗ ಎಷ್ಟ ದಿನ?”

ಬೆರಳಚ್ಚು ತೆಗೆಯುವ ಜಾಗದಲ್ಲಿ ಮಸಿಯಿರಲಿಲ್ಲ, ಗಾಜಿನ ಪಟ್ಟಿಯ ಯಂತ್ರವಿತ್ತು. ಅಲ್ಲಿದ್ದ ಹುಡುಗಿ ದಾನಪ್ಪನವರ ಹೆಬ್ಬೆರಳನ್ನು ಒತ್ತಿದಳು, ಹೊರಳಿಸಿದಳು. ಪರದೆಯ ಮೇಲೆ ಬೂದು ಕಲೆಯೊಂದು ಮೂಡಿತು, ಗೆರೆಗಳಿರಲಿಲ್ಲ. ಮೂರು ಸಲ ಪ್ರಯತ್ನಿಸಿ, “ಇವರು ಏನು ಕೆಲಸ ಮಾಡುತ್ತಿದ್ದರು?” ಎಂದು ಕೇಳಿದಳು.

“ಒಕ್ಕಲುತನ,” ಎಂದು ಮಾಧುರಿ ಕನ್ನಡದಲ್ಲೇ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು.

ಹುಡುಗಿ ಲೋಶನ್ನಿನ ಬಾಟಲಿ ಮುಂದೆ ತಳ್ಳಿದಳು. ಸವೆದ ಬೆರಳಿಗೆ ಇದನ್ನು ಹತ್ತು ನಿಮಿಷ ತಿಕ್ಕಬೇಕು, ಆಗ ಗೆರೆ ಏಳಬಹುದು ಎಂದಳು. ಇಬ್ಬರೂ ಕುರ್ಚಿಯಲ್ಲಿ ಕೂತರು. ದಾನಪ್ಪನವರು ಬಾಟಲಿ ಹಿಡಿದು ಅದರ ಮುಚ್ಚಳ ಯಾವ ಕಡೆ ಒತ್ತಬೇಕೋ ತಿಳಿಯದೆ ತಿರುಗಿಸುತ್ತಿದ್ದರು. ಮಾಧುರಿ ಇಸಿದುಕೊಂಡು, ಅವರ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಹಬ್ಬಕ್ಕೆ ಅವರ ಕಾಲು ಮುಟ್ಟಿದ್ದಳು, ಕೈ ಮುಟ್ಟಿದ್ದಿಲ್ಲ. ಕುಡುಗೋಲಿನ ಹಳೆಯ ಗಾಯ ತೋರುಬೆರಳಿನ ಅಡ್ಡಕ್ಕಿತ್ತು. ಒಂದೊಂದೇ ಬೆರಳನ್ನು ತುದಿಯವರೆಗೂ ತಿಕ್ಕಿದಳು.

“ಎಮ್ಮಿ ಹಿಂಡೂ ಮುಂದ ಕೆಚ್ಚಲಿಗೆ ಹಿಂಗ ಬೆಣ್ಣಿ ಹಚ್ಚತಿದ್ವಿ,” ಎಂದರು ದಾನಪ್ಪನವರು. ಎಡಗೈಯನ್ನೂ ಮುಂದೆ ಚಾಚಿ, “ಆವಾಗ ನಾವು ಕಾಲುವಿಗೆ ನೀರು ಬಿಡ್ರಿ ಅಂತ ಆಫೀಸಿನ ಮುಂದ ಕುಂತಿದ್ವಿ. ಅಷ್ಟ. ಹನ್ನೊಂದು ಮಂದಿ. ಮೂರು ದಿನಕ್ಕ ಬಿಟ್ರು, ಕೇಸೂ ತಗದ್ರು. ನೀ ಕೇಳಿದ್ರ ಹೇಳತಿದ್ದೆ.”

“ಇನ್ನೂ ಇದೆಯಾ ಮಾವ ಆ ಕಥೆ?”

“ಐತಿ, ಉದ್ದ ಐತಿ. ಒಳಗ ಅವಲಕ್ಕಿ ಕೊಟ್ಟಿದ್ರು, ಅದರಾಗ ಹರಳು.”

ನಾಲ್ಕನೆಯ ಸಲಕ್ಕೆ ಗೆರೆಗಳು ಬಂದವು.

ಆಗಸ್ಟ್ ಕೊನೆಯಲ್ಲಿ ಸರ್ಟಿಫಿಕೇಟು ಬಂತು. ಪಟ್ಟಿಯ ವ್ಯಕ್ತಿ ಬೇರೆ, ಇವರು ಬೇರೆ, ಇವರ ಹೆಸರಿನಲ್ಲಿ ಯಾವ ದಾಖಲೆಯೂ ಇಲ್ಲ. ಆಕಾಶ ಜೋರಾಗಿ ಓದಿದ, ಪಾರ್ವತೆವ್ವ ಸಿಹಿ ಸಜ್ಜಕ ಮಾಡಿದರು. ಮೂಲೆಯ ಕೆಲಸ ಇನ್ನೂ ಖಾಲಿಯೇ ಇತ್ತು. ಆಕಾಶನೇ ಕಾಗದವನ್ನು ನಗರಸಭೆಗೆ ಕಳಿಸಿದ, ದಾನಪ್ಪನವರು ಬೇಡ ಎನ್ನಲಿಲ್ಲ. ಎರಡು ದಿನದ ತರಬೇತಿಗೆ ಹೋಗಿ ಬಂದರು.

ಶಾಲೆ ಶುರುವಾದ ದಿನ ಏಳೂಮುಕ್ಕಾಲಿಗೇ ಅವರು ಕಿತ್ತಳೆ ವೆಸ್ಟು ಹಾಕಿಕೊಂಡು, ಕೈಯಲ್ಲಿ ನಿಲ್ಲಿ ಎಂಬ ಹಲಗೆ ಹಿಡಿದು ಬಾಗಿಲ ಹೊರಗೆ ನಿಂತಿದ್ದರು.

“ಅಚ್ಚು, ಅಜ್ಜನ ಜೊತೆ ಹೋಗ್ತೀಯಾ?” ಎಂದಳು ಮಾಧುರಿ.

ಅಕ್ಷರಾ ಬ್ಯಾಗು ಹೆಗಲಿಗೇರಿಸಿ ಹೊಸ್ತಿಲವರೆಗೆ ಹೋದಳು. ಅಲ್ಲಿ ನಿಂತು ತಿರುಗಿ ತಾಯಿಯ ಮುಖ ನೋಡಿದಳು.

“ಆಯಿ ಬರ್ತಾಳಾ?”

ದಾನಪ್ಪನವರು ಬೀದಿಯ ಕಡೆ ಮುಖ ಮಾಡಿ ವೆಸ್ಟಿನ ಪಟ್ಟಿ ಬಿಗಿ ಮಾಡುತ್ತಿದ್ದರು. ಮಾಧುರಿಗೆ ಗೊತ್ತು, ಅವರಿಗೆ ಕೇಳಿಸಿದೆ. ಅವಳು ಮಗಳ ಮುಂದೆ ಮೊಣಕಾಲೂರಿ ಕೂತಳು.

“ಆಯಿ ಬರಬೇಕಾಗಿಲ್ಲ. ಅಜ್ಜನ ರೂಮಿಗೆ ಹೋಗಬೇಡ ಅಂತ ನಾನು ಹೇಳಿದ್ದೆ, ಅದು ನನ್ನ ತಪ್ಪು.”

“ಸೋ ಯು ಲೈಡ್?”

“ಸುಳ್ಳು ಹೇಳಲಿಲ್ಲ. ಹೆದರಿದ್ದೆ.”

“ಅಜ್ಜಗ?”

ಹೊರಗೆ ಪಟ್ಟಿ ಎಳೆಯುವ ಸದ್ದು ನಿಂತಿತು.

“ಹೂಂ,” ಎಂದಳು ಮಾಧುರಿ. “ಅಜ್ಜನಿಗೇ. ಅಜ್ಜ ಏನೂ ಮಾಡಿರಲಿಲ್ಲ. ಒಂದು ಕಾಗದ ಓದಿ, ಯಾರನ್ನೂ ಕೇಳದೆ ಹೆದರಿಬಿಟ್ಟೆ. ಯಾರು ನಿನಗೆ ಇಷ್ಟವಾಗದ ಹಾಗೆ ನಡಕೊಂಡರೂ ನನಗೆ ಹೇಳು, ಅದು ಬೇರೆ. ಆದರೆ ಅಜ್ಜನ ವಿಷಯದಲ್ಲಿ ಅಮ್ಮ ತಪ್ಪು ಮಾಡಿದಳು.”

ಹುಡುಗಿ ಹೊರಗೆ ಅಜ್ಜನ ಬೆನ್ನು ನೋಡಿದಳು. “ಅಜ್ಜಗ ಸಾರಿ ಹೇಳಿದ್ಯಾ?”

“ಹೇಳಿದೆ.”

“ವಾಟ್ ಡಿಡ್ ಹಿ ಸೇ?”

ಮಾಧುರಿ ತಪ್ಪಾಯ್ತು ಎಂದಿದ್ದಕ್ಕೆ ಅವರು ಇವತ್ತಿಗೂ ಏನೂ ಹೇಳಿರಲಿಲ್ಲ.

“ಟೈಮಾತು ಬರ್ರೆವಾ,” ಎಂದರು ದಾನಪ್ಪನವರು ಹೊರಗಿನಿಂದ, ಬೆನ್ನು ತಿರುಗಿಸಿಕೊಂಡೇ. “ಮೊದಲನೇ ದಿನಾನ ತಡಾ ಮಾಡಿದ್ರ ಕೆಲಸದಿಂದ ತಗೀತಾರ. ಮಾಧುರಿ, ನೀನೂ ಚಪ್ಪಲಿ ಮೆಟ್ಟು. ಮೂಲೀ ತನಕಾ ಬಾ, ನಾ ಹೆಂಗ ಗಾಡಿ ನಿಲ್ಲಸತೀನಿ ನೋಡೀಯಂತ.”

ಮೂವರೂ ಹೊರಟರು. ಅಕ್ಷರಾ ನಡುವೆ ನಡೆದಳು, ಯಾರ ಕೈಯನ್ನೂ ಹಿಡಿದಿರಲಿಲ್ಲ. ಮೂಲೆ ಬಂದಾಗ ದಾನಪ್ಪನವರು ಹಲಗೆ ಎತ್ತಿ ರಸ್ತೆಯ ನಡುವಿಗೆ ಹೋದರು. ಎರಡೂ ಕಡೆ ಕಾರುಗಳು ನಿಂತವು. ಅವರು ಕರೆಯಲಿಲ್ಲ, ಕೈ ಚಾಚಲಿಲ್ಲ, ಸುಮ್ಮನೆ ಕಾಯುತ್ತ ನಿಂತರು. ಅಕ್ಷರಾ ಈ ಸಲ ತಾಯಿಯ ಕಡೆ ತಿರುಗಲಿಲ್ಲ. ಅಜ್ಜನವರೆಗೆ ಓಡಿ, ಅವರ ವೆಸ್ಟಿನ ಅಂಚು ಹಿಡಿದುಕೊಂಡು ಉಳಿದ ಅರ್ಧ ರಸ್ತೆಯನ್ನು ದಾಟಿದಳು.